ಉಡಿಯಲ್ಲಿದ್ದ ನಾಲ್ಕನೇ ಪುಸ್ತಕ

ಜುಲೈ 21, 1997, ಸೋಮವಾರ

ಟುಡೇ ಈಸ್ ಮೈ ಫಸ್ಟ್ ಡೇ ಇನ್ ಸುರಪುರ. ಹೀಗೆ ಶುರು ಮಾಡಿದರೆ ಎರಡು ಸಾಲಿಗೇ ನನ್ನ ಇಂಗ್ಲಿಷ್ ಮುಗಿಯುತ್ತದೆ. ಕನ್ನಡದಲ್ಲಿ ಶುರು ಮಾಡಿದರೆ ಪಾಠ ಒಪ್ಪಿಸಿದ ಹಾಗೆ ಇರುತ್ತದೆ ಎಂದು ಎಲ್ಲರೂ ನಗುತ್ತಾರೆ. ಇದನ್ನು ಯಾರೂ ಓದುವುದಿಲ್ಲವಲ್ಲ, ಹೇಗೆ ಬಂದರೆ ಹಾಗೆ.

ಅಪ್ಪ ನಾರಾಯಣಪುರದಿಂದ ಮೊದಲ ಬಸ್ಸಿಗೆ ಕರೆತಂದರು. ಕಾಲೇಜಿನಲ್ಲಿ ಪಿಯುಸಿ ಫಸ್ಟ್ ಇಯರ್ ಆರ್ಟ್ಸ್‌ಗೆ ಅಡ್ಮಿಶನ್ ಮಾಡಿಸಿ, ಹುಡುಗಿಯರ ಹಾಸ್ಟೆಲ್ಲಿನಲ್ಲಿ ಟ್ರಂಕ್ ಇಳಿಸಿ, ಊಟ ಕೂಡ ಮಾಡದೆ ಹೋದರು. ಡ್ಯಾಮಿನ ಗೇಟಿನ ಡ್ಯೂಟಿ ಇತ್ತು. ಐದನೇ ಕ್ಲಾಸಿನಿಂದ ಗುಲಬರ್ಗಾದ ಇಂಗ್ಲಿಷ್ ಶಾಲೆಯ ಹಾಸ್ಟೆಲ್ಲಿನಲ್ಲಿ ಇದ್ದವಳು ನಾನು, ನನಗೆ ಹಾಸ್ಟೆಲ್ ಹೊಸದಲ್ಲ. ಆದರೂ ಟ್ರಂಕ್ ಇನ್ನೂ ಬಿಚ್ಚಿಲ್ಲ. ಅಲ್ಲಿ ಸಿಸ್ಟರ್‌ಗಳು ಬೆಲ್ ಹೊಡೆಯುತ್ತಿದ್ದರು. ಬೆಲ್ ಆದ ಮೇಲೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಇಲ್ಲಿ ಯಾವುದಕ್ಕೂ ಬೆಲ್ ಇಲ್ಲ.

ಸಂಜೆ ಒಂದು ಫಂಕ್ಷನ್ ಆಯಿತು. ಫಂಕ್ಷನ್ ಅನ್ನಬಹುದೋ ಇಲ್ಲವೋ. ಹೊಸ ಹುಡುಗಿಯರನ್ನೆಲ್ಲ ಹಾಲಿನಲ್ಲಿ ಚಾಪೆಯ ಮೇಲೆ ಕೂರಿಸಿದರು. ಒಬ್ಬೊಬ್ಬ ಹೊಸಬಳಿಗೆ ಸೆಕೆಂಡ್ ಇಯರಿನ ಒಬ್ಬೊಬ್ಬ ಅಕ್ಕ. ನನಗೆ ಬಂದವಳು ದುರಗಮ್ಮ. ಎತ್ತರದವಳು, ಮಾತು ಜೋರು. "ಓಢಣಿ ಚಾಚು" ಎಂದಳು. ಚಾಚಿದೆ. ಒಂದೊಂದಾಗಿ ಪುಸ್ತಕ ಇಟ್ಟಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಮೇಲೆ ಒಂದು ಹಿಡಿ ಜೋಳ, ಒಂದು ಹೋಳು ಕೊಬ್ಬರಿ.

"ಇನ್ನ ನೀ ನನ್ನ ತಂಗಿ. ನನ್ನ ಪುಸ್ತಕ ನಿನ್ನವು, ನನ್ನ ನೋಟ್ಸ್ ನಿನ್ನವು. ನಾ ಊರಿಗಿ ಹೋದ್ರ ನನ್ನ ಪಾಳಿ ರೊಟ್ಟಿ ನೀ ಬಡೀಬೇಕು" ಎಂದಳು.

"ಥ್ಯಾಂಕ್ಯೂ ಅಕ್ಕಾ" ಎಂದೆ.

ಹಾಲ್ ತುಂಬ ನಗು. "ಉಡಿ ತುಂಬಿದ್ರ ಥ್ಯಾಂಕ್ಯೂ ಅಂತಾರೇನಬೇ!" ಎಂದವಳು ಚಂದಮ್ಮ, ದುರಗಮ್ಮನ ಗೆಳತಿ. ನಾಚಿಕೆಯಾಗಿ ಗಬಕ್ಕನೆ ಎದ್ದೆ. ಜೋಳ ನೆಲಕ್ಕೆ ಚೆಲ್ಲಿತು. ನಗು ನಿಂತುಬಿಟ್ಟಿತು. ನಾಲ್ಕೈದು ಮಂದಿ ಬಗ್ಗಿ ಒಂದೂ ಕಾಳು ಬಿಡದ ಹಾಗೆ ಆರಿಸಿ ಮತ್ತೆ ನನ್ನ ಉಡಿಗೆ ಹಾಕಿದರು. ಯಾಕೆ ಅಷ್ಟು ಸೀರಿಯಸ್ ಆದರೋ ತಿಳಿಯಲಿಲ್ಲ. ಕೇಳಲಿಲ್ಲ. ಐ ನೆವರ್ ಆಸ್ಕ್.

ಜುಲೈ 23, ಬುಧವಾರ

ಇವತ್ತು ಒಂದು ವಿಷಯ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಸಂಗಣ್ಣ ಸರ್ ಎಂಬ ಹೊಸ ಲೆಕ್ಚರರ್ ಬಂದು ಗೋಡೆಗೆ ಒಂದು ದೊಡ್ಡ ನಕಾಶೆ ತೂಗುಹಾಕಿದರು. "ಈ ವರ್ಷದಿಂದ ಸಮಾಜಶಾಸ್ತ್ರದ ಬದಲಿ ಭೂಗೋಳ ತಗೋಬಹುದು. ಮೂರು ವಿಷಯ ಎಲ್ಲರಿಗೂ ಅವೇ, ನಾಲ್ಕನೇದು ನೀವು ಆರಿಸಬೇಕು. ಆಗಸ್ಟ್ ಒಂಬತ್ತು ಶನಿವಾರ ಕೊನೇ ದಿನ, ತಂದೆಯವರ ಸಹಿ ಬೇಕು" ಎಂದರು.

ನಕಾಶೆಯಲ್ಲಿ ಕೃಷ್ಣಾ ನದಿ, ನಾರಾಯಣಪುರದ ಡ್ಯಾಮ್, ಅಲ್ಲಿಂದ ಎಡಕ್ಕೆ ಹೊರಟ ನೀಲಿ ಗೆರೆ. ಆ ಗೆರೆಯ ಬುಡದಲ್ಲಿ ನಮ್ಮ ಮನೆ. ಎಂಟು ವರ್ಷದವಳಿದ್ದಾಗ ನನ್ನ ಎಡಗಾಲಿನ ಚಪ್ಪಲಿ ಕಾಲುವೆಗೆ ಬಿದ್ದಿತ್ತು. ಅಳುತ್ತಿದ್ದವಳಿಗೆ ಅಪ್ಪ "ಅಳಬ್ಯಾಡ, ಶಹಾಪುರಕ್ಕ ಹೋತು ಬಿಡು" ಎಂದಿದ್ದರು. ಗುಲಬರ್ಗಾದಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ, ಆ ಚಪ್ಪಲಿ ಯಾವ ಯಾವ ಊರು ದಾಟಿ ಹೋಗಿರಬಹುದೆಂದು. ಇವತ್ತು ಅದರ ದಾರಿ ಕಂಡಿತು. ಗೆರೆ ಸುರಪುರದ ಬದಿಗೆ ಬಂದು, ಶಹಾಪುರದ ಕಡೆ ತಿರುಗಿ, ಮರದ ಬೇರಿನ ಹಾಗೆ ಸೀಳಿ ಸೀಳಿ ಹೋಗಿತ್ತು.

"ಯಾರರೆ ನಾರಾಯಣಪುರದವ್ರು ಅದೀರೇನು?" ಎಂದು ಸರ್ ಕೇಳಿದರು. ನಾನು ಕೈ ಎತ್ತಲಿಲ್ಲ.

ಪಕ್ಕದಲ್ಲಿ ಕುಳಿತವಳು ಮೊಣಕೈಯಿಂದ ತಿವಿದಳು. ಹಜರಾಬೀ ಅಂತ ಹೆಸರು, ರಂಗಂಪೇಟೆಯವಳು, ಮನೆಯಿಂದಲೇ ನಡೆದು ಬರುತ್ತಾಳೆ. "ಅರೇ, ನೀ ಡ್ಯಾಮಿನಾಕಿ ಅಲ್ಲೇನು? ಬಾಯಾಗ ಏನು ಬೆಲ್ಲ ಇಟಗೊಂಡೀ?"

ಭೂಗೋಳಕ್ಕೆ ಹೆಸರು ಕೊಟ್ಟವರೆಲ್ಲ ಹುಡುಗರೇ. ಹಜರಾಬೀಗೆ ಆಸೆ ಇದೆ. "ನೀ ತಗೊಂಡ್ರ ನಾ ತಗೋತೀನಿ. ಹುಡುಗ್ರ ನಡುವ ಒಬ್ಬಳ್ನ ನಮ್ಮ ಅಬ್ಬಾ ಕಳಸಂಗಿಲ್ಲ" ಎಂದಳು.

ನನ್ನ ಮೇಲೆ ಯಾಕೆ ಹಾಕುತ್ತಾಳೆ? ಐ ಹೇಟ್ ಡಿಸೈಡಿಂಗ್.

ಜುಲೈ 26, ಶನಿವಾರ

ಎಸ್‌ಟಿಡಿ ಬೂತಿನಿಂದ ಅಪ್ಪನ ಆಫೀಸಿಗೆ ಫೋನ್ ಮಾಡಿದೆ. ಮೀಟರಿನ ಕೆಂಪು ಅಂಕಿ ಓಡುತ್ತಿತ್ತು.

"ಅಪ್ಪಾ, ನಾಲ್ಕನೇ ಸಬ್ಜೆಕ್ಟ್ ಆರಿಸಬೇಕಂತೆ."

"ಹಾಸ್ಟೆಲ್ಲಿನ ಅಕ್ಕಗೋಳು ಏನ್ ತಗೊಂಡಾರ?"

"ಸಮಾಜಶಾಸ್ತ್ರ."

"ಮತ್ತ ಅದೇ ತಗೋ. ಪುಸ್ತಕ ಸಿಕ್ಕಾವ, ನೋಟ್ಸ್ ಸಿಗ್ತಾವ. ಮೊದಲ ಗಣಿತದಾಗ ಆಗಿದ್ದು ಸಾಕು."

ಆ ಗಣಿತದ ಮಾತು ಬಂದ ಮೇಲೆ ರಿಸೀವರ್ ಇಟ್ಟುಬಿಟ್ಟೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದ ಮಾರ್ಕ್ಸ್ ನೋಡಿ ಅಪ್ಪ ಬೈಯಲಿಲ್ಲ. ಸೈನ್ಸಿಗೆಂದು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು, ಅದನ್ನು ಮೆಲ್ಲಗೆ ಒಬ್ಬೊಬ್ಬರಿಗೇ ವಾಪಸ್ ತೆಗೆದುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

ಭೂಗೋಳ ಅನ್ನುವ ಪದ ಫೋನಿನಲ್ಲಿ ಹೇಳಲೇ ಇಲ್ಲ.

ಜುಲೈ 28, ಸೋಮವಾರ

ಧೈರ್ಯ ಮಾಡಿದೆ. ಅಂದರೆ ಅದು ಧೈರ್ಯ ಎಂದುಕೊಂಡಿದ್ದೆ.

ಭೂಗೋಳ ತೆಗೆದುಕೊಳ್ಳುತ್ತೇನೆ ಎಂದು ಸಂಗಣ್ಣ ಸರ್‌ಗೆ ಹೇಳಿದೆ. ಹಜರಾಬೀ ಬೆನ್ನಿಗೆ ಎಂಥ ಗುದ್ದು ಕೊಟ್ಟಳೆಂದರೆ ಇನ್ನೂ ನೋಯುತ್ತಿದೆ. ಆಮೇಲೆ ಯೋಚಿಸಿದೆ, ಸಮಾಜಶಾಸ್ತ್ರದ ಪುಸ್ತಕ ನನಗೆ ಬೇಕಾಗುವುದಿಲ್ಲ. ಬೇಕಾಗದ್ದನ್ನು ಇಟ್ಟುಕೊಳ್ಳುವುದು ತಪ್ಪು, ಬೇರೆ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ. ನಮ್ಮ ಶಾಲೆಯಲ್ಲಿ ಸಿಸ್ಟರ್ ಇದನ್ನೇ ಕಲಿಸಿದ್ದರು. ಖಾಕಿ ಹಾಳೆ ತಂದು ನೀಟಾಗಿ ಕವರ್ ಹಾಕಿದೆ. ಮೇಲೆ 'ವಿತ್ ಥ್ಯಾಂಕ್ಸ್' ಎಂದು ಬರೆದು ದುರಗಮ್ಮಕ್ಕನ ಮಂಚದ ಮೇಲೆ, ದಿಂಬಿನ ಹತ್ತಿರ ಇಟ್ಟೆ.

ಸಂಜೆ ಅವಳು ಬಂದಳು. ಎತ್ತಿ ನೋಡಿದಳು. "ಇದೇನು?"

"ಅಕ್ಕಾ, ನಾನು ಭೂಗೋಳ ತಗೊಂಡೆ. ಇದು ನನಗೆ ಬೇಡ, ಅದಕ್ಕೆ ರಿಟರ್ನ್..."

ಚಂದಮ್ಮ ಕೂದಲು ಬಾಚುತ್ತಿದ್ದವಳು ಬಾಚಣಿಗೆ ಹಾಗೇ ಹಿಡಿದು ನಿಂತಳು. "ಉಡ್ಯಾಗಿಂದು ಆರಿಸಿ ತಗದು ತಿರಗಿ ಕೊಟ್ಟಾಳಲೇ! ಅದೂ ಶ್ರಾವಣದಾಗ ನಿಶ್ಚಯ ಆಗೋ ಹುಡಿಗಿಗಿ!"

ನನಗೆ ಏನೂ ಅರ್ಥವಾಗಲಿಲ್ಲ. ದುರಗಮ್ಮಕ್ಕನಿಗೆ ಮದುವೆ ಗೊತ್ತಾಗಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಸಾರಿ ಎಂದೆ. ಸಾರಿ ಸಾರಿ ಎಂದು ಮೂರು ಸಲ ಎಂದೆ.

ದುರಗಮ್ಮಕ್ಕ ಕೂಗಾಡಲಿಲ್ಲ. ಪುಸ್ತಕವನ್ನು ಕೈಯಲ್ಲಿ ತೂಗಿದ ಹಾಗೆ ಹಿಡಿದು, "ಇವ್ರು ಡ್ಯಾಮಿನವ್ರು. ತಮಗ ಬೇಕಾದಷ್ಟು ಇಟಗೊಂಡು ಉಳದದ್ದು ಕೆಳಗ ಬಿಡ್ತಾರ" ಎಂದಳು. ಪುಸ್ತಕವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ನನ್ನ ಮಂಚಕ್ಕೂ ಅಲ್ಲ, ಅವಳ ಮಂಚಕ್ಕೂ ಅಲ್ಲ.

ಜುಲೈ 29

ಊಟಕ್ಕೆ ಕುಳಿತೆ. ನನ್ನ ಎರಡೂ ಪಕ್ಕ ಖಾಲಿ.

ಜುಲೈ 31, ಗುರುವಾರ

ದುರಗಮ್ಮಕ್ಕನ ಸೋದರಮಾವ ಬಂದು ಗೇಟಿನ ಹತ್ತಿರ ಮಾತಾಡಿಸಿ ಹೋದರು. ಗಂಡಿನ ಕಡೆಯವರು ಒಲ್ಲೆ ಎಂದು ಹೇಳಿ ಕಳಿಸಿದ್ದಾರೆ.

ಸಾಯಂಕಾಲದೊಳಗೆ ಹಾಸ್ಟೆಲ್ಲಿಗೆಲ್ಲ ಗೊತ್ತಾಯಿತು. ಸಾಯಂಕಾಲದೊಳಗೆ ಎಲ್ಲರಿಗೂ ಕಾರಣವೂ ಗೊತ್ತಾಯಿತು. ಕಾರಣ ನಾನು.

"ಸೋಮವಾರ ಉಡಿ ತಿರಗಿ ಕೊಟ್ಳು. ಗುರುವಾರ ಸುದ್ದಿ ಬಂತು. ಇನ್ನೇನು ಬೇಕು?" ಎಂದು ಚಂದಮ್ಮ ನೀರಿನ ತೊಟ್ಟಿಯ ಹತ್ತಿರ, ನನಗೆ ಕೇಳಲೆಂದೇ ಹೇಳಿದಳು. ನಾನು ಕೊಡ ಅರ್ಧ ತುಂಬಿದ್ದನ್ನೇ ಎತ್ತಿಕೊಂಡು ಬಂದೆ.

ಇದು ಸೂಪರ್‌ಸ್ಟಿಶನ್. ನನಗೆ ಗೊತ್ತು. ಒಂದು ಪುಸ್ತಕದಿಂದ ಮದುವೆ ಮುರಿಯುವುದಿಲ್ಲ. ಆದರೆ ದುರಗಮ್ಮಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಅವಳ ಪಾಳಿಯ ರೊಟ್ಟಿಯನ್ನು ನಾನು ಬಡಿಯಲು ಹೋದರೆ ಹಿಟ್ಟಿನ ಪರಾತವನ್ನು ನನ್ನ ಮುಂದಿನಿಂದ ಎಳೆದುಕೊಂಡರು. ಸೂಪರ್‌ಸ್ಟಿಶನ್ ಅಂತ ಯಾರಿಗೆ ಹೇಳಲಿ?

ಆಗಸ್ಟ್ 1, ಶುಕ್ರವಾರ

ಸೋತೆ. ಬೆಳಿಗ್ಗೆ ಸಂಗಣ್ಣ ಸರ್‌ಗೆ, "ಭೂಗೋಳ ಬೇಡ ಸರ್, ಸಮಾಜಶಾಸ್ತ್ರವೇ ಬರೆಯುತ್ತೇನೆ" ಎಂದೆ.

ಸರ್ ಯಾಕೆ ಎಂದು ಕೇಳಲಿಲ್ಲ. "ಭಾನುವಾರ ಒಂದು ಉಪಕಾಲುವೆ ಹಿಡದು ಮೊದಲಿನಿಂದ ಕೊನೀತನಕ ನಡೀತೀವಿ. ಕೊನೇ ಊರು ನಿಮ್ಮ ಹಾಸ್ಟೆಲ್ಲಿನ ದುರಗಮ್ಮನ ಊರೇ. ನಡದು ನೋಡು. ಆಮ್ಯಾಲ ಬ್ಯಾಡ ಅನ್ನು, ಬಿಡ್ತೀನಿ" ಎಂದರು.

ಹಜರಾಬೀ ಸಿಟ್ಟಿಗೆದ್ದು ಕೆಂಪಾದಳು. "ಅಬ್ಬಾನ ಜೋಡಿ ಎರಡ ದಿನ ಊಟ ಬಿಟ್ಟು ಜಗಳಾಡೀನಿ! 'ಇನ್ನೊಬ್ಬ ಹುಡಿಗಿ ಅದಾಳ, ಡ್ಯಾಮಿನಾಕಿ, ಭಾಳ ಶಾಣ್ಯಾಳು' ಅಂತ ನಿನ್ನ ಹೊಗಳಿ ಹೊಗಳಿ ಬಾಯಿ ಒಣಗೇದ. ಈಗ ಒಲ್ಲೆ ಅಂತೀ?"

"ನನ್ನಿಂದ ಅವಳ ಮದುವೆ ಮುರಿಯಿತು."

"ಹಂಗಂತ ಬೋರ್ಡ್ ಬರದು ಕೊಳ್ಳಾಗ ಹಾಕ್ಕೋ, ಮೆರವಣಿಗಿ ಮಾಡ್ತೀವಿ!"

ಆದರೂ ಭಾನುವಾರ ಬಾ ಎಂದಳು. ಹಾಸ್ಟೆಲ್ಲಿನ ವಾರ್ಡನ್ ಶೇಖಮ್ಮ ಮೇಡಂ ಎರಡು ಹುಡುಗಿಯರು ಇದ್ದರೆ ಮಾತ್ರ ಎಂದರು. "ದೀಪ ಹಚ್ಚೋದ್ರೊಳಗ ಈ ಗೇಟಿನಾಗ ಇರಬೇಕು. ಇಲ್ಲಾಂದ್ರ ಮುಂದಿನ ವರ್ಷದ ಹುಡಿಗ್ಯಾರಿಗೂ ಇಲ್ಲ, ತಿಳೀತಾ?"

ಮುಂದಿನ ವರ್ಷದವರನ್ನೂ ನನ್ನ ತಲೆಯ ಮೇಲೇ ಇಟ್ಟರು.

ಆಗಸ್ಟ್ 3, ಭಾನುವಾರ

ಕಾಲು ಬಾತಿವೆ. ಆದರೂ ಎಲ್ಲಾ ಬರೆಯಬೇಕು, ಇಲ್ಲದಿದ್ದರೆ ಮರೆತು ಹೋಗುತ್ತದೆ.

ಶಹಾಪುರದ ಬಸ್ಸಿನಲ್ಲಿ ಹೋಗಿ ಒಂದು ಕಾಲುವೆ ಸೇತುವೆಯ ಹತ್ತಿರ ಇಳಿದೆವು. ಸರ್, ಒಂಬತ್ತು ಹುಡುಗರು, ಹಜರಾಬೀ, ನಾನು. ದೊಡ್ಡ ಕಾಲುವೆ ದಡದ ಮಟ್ಟಕ್ಕೆ ತುಂಬಿ, ಸದ್ದಿಲ್ಲದೆ ಹೋಗುತ್ತಿತ್ತು. ನಮ್ಮ ಮನೆಯ ಮುಂದಿನ ನೀರು. ನನಗೆ ಹೆಮ್ಮೆ ಆಯಿತು, ನಾನೇ ಬಿಟ್ಟ ಹಾಗೆ. ಅಲ್ಲಿಂದ ಉಪಕಾಲುವೆ ಒಡೆದಿತ್ತು. ಅದರ ದಂಡೆ ಹಿಡಿದು ನಡೆದೆವು.

ಮೊದಲ ಊರಲ್ಲಿ ಎರಡೂ ಕಡೆ ಭತ್ತದ ಸಸಿಮಡಿ, ಕಣ್ಣು ಕುಕ್ಕುವ ಹಸಿರು. ದಂಡೆ ಕೊರೆದು ಪೈಪು ಇಟ್ಟಿದ್ದರು, ಒಂದರ ಪಕ್ಕ ಒಂದು. "ಇಲ್ಲಿ ಭತ್ತ ಹಾಕಂಗಿಲ್ಲ. ಜೋಳ, ಹತ್ತಿ, ಶೇಂಗಾಕ್ಕ ಅಂತ ಲೆಕ್ಕ ಹಾಕಿ ಕೊಟ್ಟ ನೀರು ಇದು" ಎಂದರು ಸರ್. ಹೊಲದಲ್ಲಿದ್ದವನೊಬ್ಬ ನಮ್ಮನ್ನು ನೋಡಿ, "ಏನ್ರಿ ಸಾಹೇಬ್ರ, ಸರ್ವೇನಾ?" ಎಂದು ಕೂಗಿದ. "ಇಲ್ಲಪ್ಪ, ಸಾಲಿ ಹುಡುಗ್ರು" ಎಂದರು. "ಹಂಗಾದ್ರ ಬರ್ರಿ, ಚಾ ಕುಡೀರಿ!" ಎಂದ. ಕುಡಿದೆವು. ಒಳ್ಳೆಯ ಮನುಷ್ಯ. ನೀರು ಕದಿಯುವವರು ಕಳ್ಳರ ಹಾಗೆ ಇರುತ್ತಾರೆ ಎಂದುಕೊಂಡಿದ್ದೆ.

ಎರಡನೇ ಊರಲ್ಲಿ ನೀರು ಮೊಣಕಾಲಿಗೆ ಇಳಿದಿತ್ತು. ಮೂರನೇದರಲ್ಲಿ ಹಜರಾಬೀ ಚಪ್ಪಲಿ ಕಳಚದೆ ಕಾಲುವೆ ದಾಟಿದಳು. ಆಮೇಲೆ ಬರೀ ತೇವ. ಆಮೇಲೆ ಒಡೆದ ಮಣ್ಣು. ಆಮೇಲೆ ಹುಲ್ಲು. ಕೊನೆಗೆ ಕಾಲುವೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಗೇಟಿನ ಗೋಡೆಗೆ ಇದ್ದಿಲಿನಿಂದ ಮೂರು ಸ್ಟಂಪ್ ಬರೆದಿದ್ದರು. ನೀರು ಬಂದರೆ ಆಟ ಕೆಡುತ್ತದೆಂಬ ಅಂಜಿಕೆ ಯಾರಿಗೂ ಇದ್ದಂತಿರಲಿಲ್ಲ.

ನನ್ನ ಚಪ್ಪಲಿ ಇಲ್ಲಿಗಂತೂ ಬಂದಿರಲಿಕ್ಕಿಲ್ಲ.

ಅದೇ ದುರಗಮ್ಮಕ್ಕನ ಊರು. ಒಬ್ಬ ಹೆಣ್ಣುಮಗಳು ಕಟ್ಟಿಗೆ ಹೊರೆ ಇಳಿಸಿ ನಮ್ಮನ್ನು ನೋಡುತ್ತ ನಿಂತಿದ್ದಳು. ಅದೇ ಎತ್ತರ, ಅದೇ ಹುಬ್ಬು. "ಸುರಪುರ ಹಾಸ್ಟೆಲ್ಲಿನವರಾ? ನಮ್ಮ ದುರಗಿ ಅಲ್ಲೇ ಅದಾಳ!" ಎಂದು ನನ್ನನ್ನೂ ಹಜರಾಬೀಯನ್ನೂ ಕೈ ಹಿಡಿದು ಮನೆಗೆ ಎಳೆದುಕೊಂಡೇ ಹೋದಳು. ತಿಮ್ಮವ್ವ. ದುರಗಮ್ಮಕ್ಕನ ತಾಯಿ.

ಓಡಿಹೋಗಬೇಕು ಅನ್ನಿಸಿತು. ಆಕೆಗೆ ನಾನು ಯಾರೆಂದು ಗೊತ್ತಿರಲಿಲ್ಲ. ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ತಿನ್ನುತ್ತಿದ್ದ ಹಾಗೆ ತಾನಾಗಿಯೇ ಹೇಳಿದಳು, ನಾವು ಕೇಳದೆಯೇ.

"ನಮಗ ಗಂಡಸ್ಮಕ್ಳಿಲ್ಲವ್ವ. ಇರೋ ಹೊಲ ಅಳಿಯಗೇ. ಕಾಲುವಿ ಬಂದದ, ನೀರಾವರಿ ಹೊಲ ಅಂತ ಹೇಳಿ ಮಾತಾಡಿದ್ವಿ. ಸುಳ್ಳಲ್ಲ, ಪಹಣ್ಯಾಗ ಹಂಗೇ ಬರದದ. ಮೊನ್ನಿ ಅವ್ರು ಬಂದು ಹೊಲ ನೋಡಿದ್ರು. ಕಾಲುವ್ಯಾಗ ಹುಡುಗ್ರು ಚೆಂಡು ಆಡಾಕತ್ತಿದ್ರು. ಏನೂ ಅನ್ಲಿಲ್ಲ. ಚಾ ಸುದ್ದಾ ಕುಡೀದೆ ಹೋದ್ರು."

"ಮೊನ್ನೆ ಅಂದರೆ ಯಾವಾಗ?" ಎಂದೆ.

"ಹೋದ ಶನಿವಾರದ ಹಿಂದಿನ ಶನಿವಾರ. ಅವತ್ತೇ ನಮಗ ತಿಳದಿತ್ತು. ದುರಗೀಗೂ ಹೇಳಿ ಕಳಸಿದ್ವಿ, ಇದು ಆಗಂಗ ಕಾಣಂಗಿಲ್ಲ ಅಂತ."

ಹಜರಾಬೀ ನನ್ನ ಕಾಲನ್ನು ತನ್ನ ಕಾಲಿನಿಂದ ಒತ್ತಿದಳು. ಶನಿವಾರ ಮೊದಲು, ನನ್ನ ಸೋಮವಾರ ಆಮೇಲೆ. ದುರಗಮ್ಮಕ್ಕನಿಗೆ ಗೊತ್ತಿತ್ತು.

ಹೊರಡುವಾಗ ತಿಮ್ಮವ್ವ "ಮೊದಲ ಸಲ ಬಂದೀರಿ, ಬರೀ ಉಡೀಲಿ ಕಳಸಬಾರದು" ಎಂದು ನಮ್ಮ ಓಢಣಿ ಚಾಚಿಸಿ ಜೋಳ ಹಾಕಿದಳು. ಒಂದು ಹಿಡಿ, ಎರಡು, ಐದು ಹಿಡಿ. ನಾನು ಬ್ಯಾಗಿಗೆ ಸುರಿದುಕೊಳ್ಳೋಣವೆಂದು ಹೊರಟೆ. ಕೈ ಹಿಡಿದಳು.

"ಹಂಗ ಮಾಡಬ್ಯಾಡವ್ವ. ಉಡಿ ಅಂದ್ರ ಗಂಟು ಕಟಗೊಂಡು ಮನೀತನಕ ಒಯ್ಯಬೇಕು. ನಡುವ ಇಳಸಂಗಿಲ್ಲ, ಅದರಾಗಿಂದು ಆರಿಸಂಗಿಲ್ಲ, ತಿರಗಿ ಕೊಡಂಗಿಲ್ಲ. ತಿರಗಿ ಕೊಟ್ರ 'ನಿಮ್ಮ ಮನೀ ಹೆಣ್ಣಮಕ್ಕಳ ಸಂಬಂಧ ನನಗ ಬ್ಯಾಡ' ಅಂದಂಗ. ನಿಮ್ಮವ್ವ ಹೇಳಿಲ್ಲೇನು?"

ಅವ್ವ ಹೇಳುವಷ್ಟು ದಿನ ನಾನು ಮನೆಯಲ್ಲಿ ಇದ್ದದ್ದೇ ಇಲ್ಲ. ಅದನ್ನು ಹೇಳಲಿಲ್ಲ, "ಇಲ್ರಿ ಅವ್ವ" ಎಂದೆ ಅಷ್ಟೇ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಉಡಿ ಹಿಡಿದುಕೊಂಡೇ ಕುಳಿತೆ. ಹಜರಾಬೀ, "ಹಾಸ್ಟೆಲ್ಲಿಗಿ ಹೋದ ಕೂಡ್ಲೇ ಎಲ್ಲರ ಮುಂದ ಹೇಳಿಬಿಡು. ಖರೇ ಏನು ಅಂತ ಗೊತ್ತಾಗ್ಲಿ. ಆ ಚಂದಮ್ಮನ ಬಾಯಿ ಮುಚ್ಚತದ" ಎಂದಳು.

ಹೇಳಬಹುದಿತ್ತು. ಹೇಳಿದರೆ ನಾನು ಉಳಿದುಕೊಳ್ಳುತ್ತಿದ್ದೆ. ಆದರೆ ಅವರ ಹೊಲಕ್ಕೆ ನೀರಿಲ್ಲ, ಗಂಡಿನವರು ಚಾ ಕುಡಿಯದೆ ಎದ್ದು ಹೋದರು ಎಂದು ಅಷ್ಟು ಮಂದಿಯ ಎದುರು ಹೇಗೆ ಹೇಳುವುದು? ಅದಕ್ಕಿಂತ ನನ್ನನ್ನೇ ಬೈದುಕೊಳ್ಳಲಿ ಬಿಡು ಅನ್ನಿಸಿತು.

ದೀಪ ಹಚ್ಚುವ ಮೊದಲೇ ಗೇಟಿನಲ್ಲಿದ್ದೆವು. ದುರಗಕ್ಕ ಮಂಚದ ಮೇಲೆ ಕುಂತಿದ್ದಳು. ಮುಂದೆ ಹೋಗಿ ನಿಂತೆ. "ನಿಮ್ಮವ್ವ ಉಡಿ ತುಂಬ್ಯಾರ" ಎಂದು ಗಂಟು ಬಿಚ್ಚಿದೆ. ಒಂದು ಹಿಡಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

"ಕಾಲುವಿ ನೋಡಿದೇನು?"

"ನೋಡಿದೆ."



ಆಗಸ್ಟ್ 4, ಸೋಮವಾರ

ರಾತ್ರಿ ಊಟದಾಗ ಚಂದಮ್ಮ ಶುರು ಮಾಡಿದಳು. "ಭೂಗೋಳದ ಮೇಡಂ ಬಂದ್ರು, ಸರೀರಿ. ಇವ್ರ ನೆಳ್ಳು ಬಿದ್ರ ಇನ್ನ ಯಾರ ಮದುವಿ ಮುರೀತದೋ!"

ತಾಟಿನ ಕಡೆ ನೋಡಿಕೊಂಡು ರೊಟ್ಟಿ ಮುರಿದೆ.

"ಚಂದೀ, ಸಾಕು" ಎಂದಳು ದುರಗಕ್ಕ.

"ನಿನ್ನ ಸಲುವಾಗೇ ಅಂದೆ—"

"ನನ್ನ ಸಲುವಾಗಿ ಅನ್ನಬ್ಯಾಡ. ಮದುವಿ ಪುಸ್ತಕದಿಂದ ಮುರದಿಲ್ಲ. ನಮ್ಮ ಹೊಲಕ್ಕ ನೀರು ಬಂದಿಲ್ಲ, ಅದಕ್ಕ ಒಲ್ಲೆ ಅಂದ್ರು. ಈಕಿ ಪುಸ್ತಕ ಇಡೋಕಿಂತ ಮೊದಲೇ ನನಗ ಗೊತ್ತಿತ್ತು." ಒಂದೇ ಉಸಿರಿಗೆ ಅಂದು, ನೀರು ಕುಡಿದಳು. "ಹೇಳಾಕ ನಾಚಿಕಿ ಆತು. ನೀವೆಲ್ಲ ಈಕಿ ಮ್ಯಾಲ ಹಾಕಿದ್ರಿ, ನಾ ಸುಮ್ನಾದೆ."

ಎಲ್ಲೋ ಒಂದು ಲೋಟ ಉರುಳಿತು. ಆಮೇಲೆ ದುರಗಕ್ಕ ತಾಟು ಎತ್ತಿಕೊಂಡು ಬಂದು ನನ್ನ ಬಲಕ್ಕೆ ಕುಂತಳು.

"ಏನ್ ನೋಡ್ತೀ? ಪಲ್ಯ ಈ ಕಡಿ ಸರಸು."

ಆಗಸ್ಟ್ 5, ಮಂಗಳವಾರ

ಕಿಟಕಿಯ ಕಟ್ಟೆಯ ಮ್ಯಾಲ ಆ ಪುಸ್ತಕ ಇನ್ನೂ ಹಂಗೇ ಅದ. "ಅಕ್ಕ, ಸಮಾಜಶಾಸ್ತ್ರಾನೇ ತಗೋತೀನಿ. ನಾಲ್ಕೂ ಇಟಗೋತೀನಿ. ಎಲ್ಲಾ ಸರಿ ಆಗ್ತದ" ಅಂದೆ.

ದುರಗಕ್ಕ ನಕ್ಕಳು. ಉಡಿ ತುಂಬಿದ ದಿನ ಬಿಟ್ಟರೆ ಅವಳು ನನ್ನ ಜೋಡಿ ನಕ್ಕಿದ್ದು ಇದೇ. "ಹುಚ್ಚಿ, ತಿರಗಿ ಇಸಕೊಳ್ಳಾಕ ನನಗೂ ಬರಂಗಿಲ್ಲ. ಅದು ನಿಂದು. ಓದು ಅಂತ ಯಾರು ಅಂದ್ರು? ಟ್ರಂಕಿನಾಗ ಇಡು. ಮುಂದಿನ ವರ್ಷ ನೀ ಒಬ್ಬಾಕಿ ಉಡಿ ತುಂಬಬೇಕಲ್ಲ, ಆಗ ಈ ನಾಲ್ಕು ಹಾಕು, ಮ್ಯಾಲ ನಿನ್ನ ಭೂಗೋಳ ಹಾಕು. ಐದು ಆಗ್ತಾವ. ಉಡಿಗಿ ಐದೇ ಇರಬೇಕು. ನಾವು ಇಷ್ಟು ವರ್ಷ ಒಂದು ಕಡಿಮಿ ಹಾಕ್ಕೋಂತ ಬಂದೀವಿ."

"ಭೂಗೋಳದ ಪುಸ್ತಕಾನೇ ನನ್ನ ಹತ್ರ ಇಲ್ಲ."

"ನೋಟ್ಸ್?"

"ಯಾರ ಹತ್ರಾನೂ ಇಲ್ಲ."

"ಹಂಗಾದ್ರ ಬರಿ" ಅಂದಳು, ಹಿಟ್ಟು ನಾದು ಅಂದಂಗ.

ಅಪ್ಪಗ ಏನು ಹೇಳಲಿ ಅನ್ನೋದೊಂದು ಉಳೀತು.

ಆಗಸ್ಟ್ 7, ಗುರುವಾರ

ಭಾನುವಾರ ನಡೆದ ಕಾಲುವೆಯ ನಕಾಶೆ ಎಲ್ಲರೂ ಬರೀಬೇಕು ಅಂತ ಸರ್ ಹೇಳ್ಯಾರ. ಗೋಡೆಯ ನಕಾಶೆ ನೋಡಿ ಗೆರೆ ಎಳೆದೆ, ಸೇತುವೆ, ನಾಲ್ಕೂ ಊರು, ಕೊನೆಯ ಗೇಟು. ನೀಲಿ ಹಚ್ಚುತ್ತ ಬಂದೆ. ಮೂರನೇ ಊರು ದಾಟಿದ ಮ್ಯಾಲ ಕೈ ನಿಂತಿತು.

"ಸರ್, ನೀರಿಲ್ಲದ ಕಾಲುವಿಗಿ ಯಾವ ಬಣ್ಣ?"

ಹುಡುಗರು ನಕ್ಕರು. ಸರ್ ನಗಲಿಲ್ಲ. "ನಕಾಶೆದಾಗ ಕಾಲುವೆ ಅಂದ್ರ ನೀಲಿ. ಅದು ನಿಯಮ." ನನ್ನ ಹಾಳೆ ಬಗ್ಗಿ ನೋಡಿ, "ನೀ ಏನು ನೋಡಿದಿ ಅದನ್ನ ಹಚ್ಚು. ಕೆಳಗ ಬರಿ, ಯಾಕ ಅಂತ" ಅಂದರು.

ಹಜರಾಬೀ ತನ್ನ ನಕಾಶೆಯ ಕೊನೆಗೆ ಮೂರು ಸ್ಟಂಪ್ ಬರೆದಾಳ.

ಆಗಸ್ಟ್ 9, ಶನಿವಾರ

ಅಪ್ಪ ಬಂದ. ಸಹಿಗೆ ಬರಬೇಕು ಅಂತ ಶೇಖಮ್ಮ ಮೇಡಂ ಫೋನ್ ಮಾಡಿಸಿದ್ದರು. ಹಾಸ್ಟೆಲ್ಲಿನ ಬೇವಿನಗಿಡದ ಕಟ್ಟೆಯ ಮೇಲೆ ಕುಂತು ಕಾಗದ ಬಿಡಿಸಿದ. ನಾಲ್ಕನೇ ವಿಷಯದ ಮುಂದೆ ನಾನು ಮೊದಲೇ ಬರೆದು ಇಟ್ಟಿದ್ದೆ. ಓದಿದ. ಮತ್ತೊಮ್ಮೆ ಓದಿದ.

"ಸಮಾಜಶಾಸ್ತ್ರ ಅಂದಿದ್ದೆವಲ್ಲ?"

"ನೀ ಅಂದಿದ್ದಿ. ನಾ ಹೂಂ ಅಂದಿದ್ದಿಲ್ಲ."

ಕತ್ತೆತ್ತಿ ನನ್ನ ಮಾರಿ ನೋಡಿದ. ಬೈತಾನ ಅಂದುಕೊಂಡೆ. ನಾನು ಒಳಗ ಹೋಗಿ ನಕಾಶೆ ತಂದು ಅವನ ತೊಡೆಯ ಮೇಲೆ ಹಾಸಿದೆ.

ಅಪ್ಪ ಬೆರಳಿಟ್ಟು ಬಂದ. ಡ್ಯಾಮು, ದೊಡ್ಡ ಕಾಲುವೆ, ಸೇತುವೆ, ಉಪಕಾಲುವೆ. ತನ್ನ ಗೇಟಿನಿಂದ ಹೊರಟ ನೀರಿನ ಬೆನ್ನು ಹತ್ತಿ ಬರೋ ಹಂಗ. ಮೂರನೇ ಊರಿನ ಆಚೆ ಬೆರಳು ನಿಂತಿತು.

"ಈ ತುಂಡಿಗಿ ಬಣ್ಣ ಯಾಕ ಹಚ್ಚಿಲ್ಲ?"

"ಅಲ್ಲಿ ನೀರಿಲ್ಲ."

"ನಕಾಶ್ಯಾಗ ಕೊನೀತನಕ ನೀಲಿ ಇರ್ತದವ್ವ."

"ಇರ್ತದ. ನಾ ನಡದು ನೋಡಿ ಬಂದೀನಿ."

"ನಾವು ದಿನಾ ಬಿಡಾಕತ್ತೀವಿ ನೀರು. ಒಂದ ದಿನ ಸುದ್ದಾ ತಪ್ಪಿಸಿಲ್ಲ ನಾ."

"ನೀ ಬಿಡ್ತೀ, ಖರೇ. ಅಲ್ಲಿತನಕ ಮುಟ್ಟಂಗಿಲ್ಲಪ್ಪ."

ಅಷ್ಟರಲ್ಲಿ ದುರಗಕ್ಕ ಚಾ ತಂದಳು. ಅಪ್ಪ ಲೋಟ ಇಸಕೊಂಡು, "ಯಾವೂರವ್ವ ನಿಂದು?" ಅಂತ ಕೇಳಿದ. ದುರಗಕ್ಕ ಬಗ್ಗಿ, ನಕಾಶೆಯ ಬಿಳಿ ತುಂಡಿನ ತುದಿಗೆ ಬೆರಳಿಟ್ಟಳು. ಅಪ್ಪನ ಬೆರಳು ಇನ್ನೂ ಅದೇ ಗೆರೆಯ ಮ್ಯಾಲ, ಮೂರನೇ ಊರಿನ ಹತ್ರ ಇತ್ತು. ನಡುವ ಒಂದು ಗೇಣು.

ಚಾ ಆರಿತು. ಅಪ್ಪ ಆರಿದ್ದನ್ನೇ ಕುಡಿದ.

"ಇದಕ್ಕ ಪುಸ್ತಕ ಅದಾವೇನು?"

"ಇಲ್ಲ."

"ನೋಟ್ಸು?"

"ನಾನೇ ಬರೀತೀನಿ."

"ಫೇಲಾದ್ರ?"

"ಆಗಬಹುದು" ಅಂದೆ.

ಅಪ್ಪ ಅಂಗಿ ಕಿಸೆಯಿಂದ ಪೆನ್ನು ತೆಗೆದ. ಸಹಿ ಮಾಡಿದ. ಅವನ ಸಹಿ ಯಾವಾಗಲೂ ಗೇಟಿನ ಚಕ್ರದ ಹಂಗ ದುಂಡಗಿರ್ತದ, ಇವತ್ತ ಸ್ವಲ್ಪ ಸೊಟ್ಟ ಆತು. ಕಾಗದ ನನ್ನ ಕೈಗೆ ಕೊಡಲಿಲ್ಲ, ತಾನೇ ಕಾಲೇಜಿಗೆ ಹೋಗಿ ಕೊಟ್ಟು ಬಂದ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕುಂತ. ಕಿಟಕಿಯಿಂದ ಕತ್ತು ಹೊರಗ ಹಾಕಿ ಅಂದ:

"ಅಮೃತಾ, ನಿನ್ನ ಚಪ್ಪಲಿ ನೆನಪದೇನು? ಶಹಾಪುರಕ್ಕ ಹೋತು ಅಂದಿದ್ದೆ."

"ಹೂಂ."

"ಎಲ್ಲಿಗಿ ಹೋತೋ ನನಗೂ ಗೊತ್ತಿಲ್ಲ. ನಾ ನಿನ್ನ ನಕಾಶ್ಯಾಗಿನ ಆ ಸೇತುವಿ ದಾಟಿ ಒಂದ ದಿನಾನೂ ಹೋಗಿಲ್ಲ."

ಬಸ್ಸು ಹೋತು. ನಾನು ತಿರುಗಿ ಬಂದೆ. ದುರಗಕ್ಕ ಮಧ್ಯಾಹ್ನದ ಬಸ್ಸಿಗಿ ಊರಿಗಿ ಹೋಗ್ಯಾಳ, ಅವಳ ಪಾಳಿ ರೊಟ್ಟಿ ನಾನೇ ಬಡೀಬೇಕು. ಚಂದಮ್ಮ ಒಲಿ ಹಚ್ಚಿ ಕೂಗಾಕತ್ತಾಳ.